ಸಾಗರಕ್ಕೆ ಕಾಗೋಡು ತಿಮ್ಮಪ್ಪನವರು ಮಾಡಿದ್ದೇನು? ಸೇತುವೆ ಜಗಳ ಬಿಟ್ಟು ಮಾತಾಡೋಣ

ಕೆಳದಿ_ಕೆರೆ

ಸಿಗಂದೂರು ಸೇತುವೆ ಉದ್ಘಾಟನೆ ಆದಾಗಿನಿಂದ ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಜಗಳ. ಇದು ಯಾರ ಸಾಧನೆ? ಸಂಸದರದ್ದಾ, ಹಿಂದಿನ ಶಾಸಕರದ್ದಾ, ಈಗಿನವರದ್ದಾ? ಫ್ಲೆಕ್ಸ್ ಲೆಕ್ಕ ಹಾಕಿದರೆ ಎಲ್ಲರದ್ದೂ. ಕಟ್ಟಿದ್ದು ಮಾತ್ರ ಕೇಂದ್ರದ ಹೆದ್ದಾರಿ ಇಲಾಖೆ. ಖರ್ಚು 473 ಕೋಟಿ. ಒಬ್ಬ ಶಾಸಕರಿಗೆ ವರ್ಷಕ್ಕೆ ಸಿಗುವ ಪ್ರದೇಶಾಭಿವೃದ್ಧಿ ನಿಧಿ 2 ಕೋಟಿ. ಆ ದುಡ್ಡಲ್ಲಿ ಸೇತುವೆ ಕಟ್ಟೋಕೆ ಎಷ್ಟು ವರ್ಷ ಬೇಕು, ನೀವೇ ಭಾಗಿಸಿಕೊಳ್ಳಿ.

ಹಾಗಾಗಿ ಸೇತುವೆ ಬದಿಗಿಟ್ಟು ಕೇಳ್ತಿದ್ದೇನೆ. ಶಿವಮೊಗ್ಗ ಜಿಲ್ಲೆಯ ಸಾಗರ ಕ್ಷೇತ್ರದಿಂದ ಗೆದ್ದ ಶಾಸಕರಲ್ಲಿ ಅತಿ ಹೆಚ್ಚು ಕಾಲ ಹೆಸರು ಉಳಿದಿರುವುದು ಕಾಗೋಡು ತಿಮ್ಮಪ್ಪನವರದ್ದು. 1972ರಲ್ಲಿ ಸೋಷಲಿಸ್ಟ್ ಪಕ್ಷದಿಂದ ಮೊದಲ ಗೆಲುವು. ಆಮೇಲೆ ಕಾಂಗ್ರೆಸ್. 2004 ಮತ್ತು 2008ರಲ್ಲಿ ಆಗ ಬಿಜೆಪಿಯಲ್ಲಿದ್ದ ಸೋದರಳಿಯ ಬೇಳೂರು ಗೋಪಾಲಕೃಷ್ಣ ಎದುರು ಸೋಲು. 2013ರಲ್ಲಿ ಮತ್ತೆ ಗೆದ್ದು ಸ್ಪೀಕರ್, 2016ರಲ್ಲಿ ಕಂದಾಯ ಸಚಿವ. 2018ರಲ್ಲಿ ಹರತಾಳು ಹಾಲಪ್ಪ ಎದುರು ಸೋಲು, ಅಂತರ ಸುಮಾರು 8 ಸಾವಿರ.

ನಾನು ಅವರ ಪಕ್ಷದವನಲ್ಲ, ವಿರೋಧಿಯೂ ಅಲ್ಲ. ಒಬ್ಬ ಶಾಸಕ ಕ್ಷೇತ್ರಕ್ಕೆ ಏನು ಮಾಡಿದ ಅಂತ ಅಳೆಯೋದು ಹೇಗೆ? ಅವರ ಲೆಕ್ಕವನ್ನೇ ಇಟ್ಟುಕೊಂಡು ಮಾತಾಡಿದರೆ ಒಳ್ಳೇದು ಅನ್ನಿಸ್ತು. ಗೊತ್ತಿರೋರು ಬರೀರಿ. ಬೈಗುಳ ಬೇಡ.

ಅಡಿಕೆ_ಚೊಗರು

ನಾನು ಶುರು ಮಾಡ್ತೇನೆ. ಏನೂ ಮಾಡಿಲ್ಲ. ನಮ್ಮೂರ ರಸ್ತೆ ಅವರ ಕಾಲದಲ್ಲೂ ಹೊಂಡ, ಈಗಲೂ ಹೊಂಡ. ಅಡಿಕೆಗೆ ಕೊಳೆ ಬಂದಾಗ ಯಾರೂ ಬರಲಿಲ್ಲ, ಎಲೆಚುಕ್ಕಿ ಬಂದಾಗಲೂ ಯಾರೂ ಬರಲಿಲ್ಲ. ಮದುವೆ ಮನೆಗೆ, ಸಾವಿನ ಮನೆಗೆ ಮಾತ್ರ ಎಲ್ಲ ಪಕ್ಷದವರೂ ಬರ್ತಾರೆ.

ಹಕ್ಕುಪತ್ರ_ಪೆಟ್ಟಿಗೆ

ಚೊಗರು ಅಣ್ಣ, ನಿಮ್ಮದು ತೋಟ. ಪಹಣಿ ಇದೆ, ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರೋ ಕಾಡು) ಇದೆ, ಸೊಸೈಟಿಯಲ್ಲಿ ಸಾಲ ಸಿಗ್ತದೆ. ನಿಮಗೆ ಶಾಸಕ ಅಂದರೆ ರಸ್ತೆ. ನಮಗೆ ಹಾಗಲ್ಲ.

ನಮ್ಮಜ್ಜನ ಮನೆ ಲಿಂಗನಮಕ್ಕಿ ಹಿನ್ನೀರಲ್ಲಿ ಮುಳುಗಿದ್ದು. ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದಕ್ಕೆ ಮೊದಲೇ ಲಾರಿಯಲ್ಲಿ ಸಾಮಾನು, ದನ, ಜನ ಎಲ್ಲ ಒಟ್ಟಿಗೆ ತುಂಬಿ ತಂದು ಕಾಡಿನ ನಡುವೆ ಇಳಿಸಿದರು ಅಂತ ಅಜ್ಜಿ ಹೇಳ್ತಿದ್ದರು. ಇಲ್ಲಿ ಮನೆ ಕಟ್ಟಿಕೊಳ್ಳಿ, ಗದ್ದೆ ಮಾಡಿಕೊಳ್ಳಿ ಅಂದರಂತೆ. ಆ ಜಾಗ ದಾಖಲೆಯಲ್ಲಿ ಇಂದಿಗೂ ಅರಣ್ಯ. ಇಡೀ ರಾಜ್ಯಕ್ಕೆ ಕರೆಂಟು ಕೊಟ್ಟವರ ಮನೆಗೆ ಖಾತೆ ಇಲ್ಲ.

ನಾನು ಹುಟ್ಟಿದ ಮೇಲೆ ಈ ವಿಷಯವನ್ನು ವಿಧಾನಸೌಧದಲ್ಲಿ ಮೇಜು ಕುಟ್ಟಿ ಕೇಳಿದ್ದು ಕಾಗೋಡು. ಸ್ಪೀಕರ್ ಪೀಠದಲ್ಲಿ ಕೂತೂ ತಮ್ಮದೇ ಸರ್ಕಾರದ ಮಂತ್ರಿಗಳನ್ನು ಗದರಿದ್ದಾರೆ. ಬಗರ್‌ಹುಕುಂ (ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನಲ್ಲಿ ಮಾಡಿದ ಸಾಗುವಳಿ), ಅರಣ್ಯ ಹಕ್ಕು ಬಿಟ್ಟು ಬೇರೆ ಮಾತೇ ಇಲ್ಲವಾ ಇವರಿಗೆ ಅಂತ ಬೆಂಗಳೂರಿನವರು ನಗ್ತಿದ್ದರು. ನಮಗೆ ಬೇಕಾದ್ದು ಅದೇ ಮಾತು.

ಬಯಲುಸೀಮೆಯವ

ನಾನು ಚಿತ್ರದುರ್ಗ ಕಡೆಯವನು. ಹೊರಗಿನವನ ಪ್ರಶ್ನೆ ಅಂದ್ಕೊಳ್ಳಿ. ಈ ಕಾಗೋಡು ಅಂದರೆ ಕಾಗೋಡು ಸತ್ಯಾಗ್ರಹದ ಊರೇ ಅಲ್ವಾ? ಇವರಿಗೂ ಅದಕ್ಕೂ ಸಂಬಂಧ ಇದೆಯಾ?

ಹೊಸನಗರ_ಮಳೆ

ಅದೇ ಊರು. ಸಾಗರ ತಾಲೂಕಿನದ್ದು. 1951ರ ಏಪ್ರಿಲ್‌ನಲ್ಲಿ ಶುರುವಾಯ್ತು. ಗೇಣಿ ಅಳೆಯೋ ಕೊಳಗದ ಜಗಳ. ಜಮೀನಿನ ಒಡೆಯರ ಮನೆ ಕೊಳಗ ಬೇರೆ ಅಳತೆ, ಪೇಟೆ ಕೊಳಗ ಬೇರೆ ಅಳತೆ. ಹೆಚ್ಚು ಹಿಡಿಯುವ ಕೊಳಗದಲ್ಲಿ ಗೇಣಿ ಅಳೆಯೋದಿಲ್ಲ ಅಂತ ದೀವರ ಸಮುದಾಯದ ಗೇಣಿದಾರರು ನಿಂತರು. ಎಚ್. ಗಣಪತಿಯಪ್ಪ ಸಂಘಟನೆ ಮಾಡಿದರು. ಶಾಂತವೇರಿ ಗೋಪಾಲಗೌಡರು ಸೇರಿ ಸಮಾಜವಾದಿಗಳು ಕೈ ಜೋಡಿಸಿದರು. ಜೂನ್‌ನಲ್ಲಿ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದರು, ಅವರನ್ನು ಸಾಗರದಲ್ಲೇ ಬಂಧಿಸಿದರು. ತಿಮ್ಮಪ್ಪನವರು ಆಗ ಇನ್ನೂ ಹುಡುಗ, ಹುಟ್ಟಿದ್ದು 1932. ಅದೇ ಊರಿನ, ಅದೇ ಸಮುದಾಯದ ಹುಡುಗ ಮುಂದೆ ವಕೀಲರಾಗಿ ಶಾಸಕರಾದರು.

ಮರುವರ್ಷವೇ, 1952ರ ಮೊದಲ ಚುನಾವಣೆಯಲ್ಲಿ ಸಾಗರ-ಹೊಸನಗರದಿಂದ ಗೋಪಾಲಗೌಡರು ಗೆದ್ದರು. ಜೇಬಲ್ಲಿ ದುಡ್ಡಿಲ್ಲ. ಜನ ಓಟೂ ಕೊಟ್ಟು ನೋಟೂ ಕೊಟ್ಟು ಗೆಲ್ಲಿಸಿದ್ದು ಅಂತ ನಮ್ಮ ಕಡೆ ಹಿರಿಯರು ಇಂದಿಗೂ ಹೇಳ್ತಾರೆ. ಈಗಿನ ಚುನಾವಣೆಯಲ್ಲಿ ನೋಟು ಯಾವ ಕಡೆಯಿಂದ ಯಾವ ಕಡೆಗೆ ಹೋಗ್ತದೆ ಅಂತ ನಿಮಗೆಲ್ಲ ಗೊತ್ತು.

ಅಡಿಕೆ_ಚೊಗರು

ಮಾರಾಯ್ರೆ, ಇತಿಹಾಸ ಪಾಠ ಶುರುವಾಯ್ತು. ಗೋಪಾಲಗೌಡರು ಸಾಗರಕ್ಕೆ ಎಷ್ಟು ಕಿಲೋಮೀಟರ್ ರಸ್ತೆ ಮಾಡಿಸಿದರು ಹೇಳಿ ನೋಡೋಣ.

ಹೊಸನಗರ_ಮಳೆ

ಒಂದು ಕಿಲೋಮೀಟರ್ ಕೂಡ ನನಗೆ ಗೊತ್ತಿಲ್ಲ ಅಂತಲೇ ಇಟ್ಟುಕೊಳ್ಳಿ. ಆದರೆ ಉಳುವವನೇ ಹೊಲದೊಡೆಯ ಅನ್ನೋದು ಕಾನೂನು ಆಗುವಷ್ಟು ಗಟ್ಟಿಯಾಗಿ ಸದನದಲ್ಲಿ ಕೂಗಿದವರಲ್ಲಿ ಅವರು ಮುಂದು. 1972ರ ಜೂನ್‌ನಲ್ಲಿ ತೀರಿಕೊಂಡರು. ದೇವರಾಜ ಅರಸರ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ನೋಡಲಿಕ್ಕೆ ಅವರಿಲ್ಲ. ಸಾಗರ ತಾಲೂಕಲ್ಲಿ ಫಾರಂ 7 (ಗೇಣಿದಾರರ ಅರ್ಜಿ) ಕೊಟ್ಟು ಗದ್ದೆ ಪಡೆದವರ ಮನೆ ಎಷ್ಟಿದೆ, ಒಂದು ಸುತ್ತು ಹಾಕಿ. ಆ ಕಾನೂನು ಬಂದಾಗ ಸಾಗರದ ಶಾಸಕರಾಗಿ ಸದನದಲ್ಲಿ ಇದ್ದದ್ದು ಇದೇ ತಿಮ್ಮಪ್ಪನವರು.

ನಿವೃತ್ತ_ವಿಎ

ನಮಸ್ಕಾರ. ಕಂದಾಯ ಇಲಾಖೆಯಲ್ಲಿ ಗ್ರಾಮಲೆಕ್ಕಿಗನಾಗಿ ಕೆಲಸ ಮಾಡಿ ನಿವೃತ್ತನಾದವನು. ಊರು, ತಾಲೂಕು ಹೇಳೋದಿಲ್ಲ, ಮಲೆನಾಡು ಅಂತ ಇಟ್ಟುಕೊಳ್ಳಿ. ಮೇಲಿನ ಪ್ರಶ್ನೆಗೆ ಕಚೇರಿ ಒಳಗಿನಿಂದ ಸ್ವಲ್ಪ ಹೇಳ್ತೇನೆ.

ಶಾಸಕರು ಅಂದರೆ ಜನ ಗುದ್ದಲಿ ಪೂಜೆ ನೋಡ್ತಾರೆ. ನಿಜವಾದ ಅಧಿಕಾರ ಇರೋದು ಅವರು ಅಧ್ಯಕ್ಷರಾಗಿರುವ ಸಮಿತಿಗಳಲ್ಲಿ. ತಾಲೂಕು ಮಟ್ಟದ ಕೆಡಿಪಿ (ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲನೆ) ಸಭೆ ಮೂರು ತಿಂಗಳಿಗೊಮ್ಮೆ, ಅಧ್ಯಕ್ಷರು ಶಾಸಕರು. ಆಶ್ರಯ ಸಮಿತಿ, ಶಾಸಕರು. ಸರ್ಕಾರಿ ಕಾಲೇಜಿನ ಅಭಿವೃದ್ಧಿ ಸಮಿತಿ, ಶಾಸಕರು. ಬಗರ್‌ಹುಕುಂ ಸಮಿತಿ, ಅದಕ್ಕೂ ಶಾಸಕರೇ, ತಹಶೀಲ್ದಾರ್ ಕಾರ್ಯದರ್ಶಿ. ಇಷ್ಟರಲ್ಲಿ ಬಡವನ ಬದುಕು ಬದಲಿಸೋದು ಕೊನೆಯದ್ದು.

ಬಗರ್‌ಹುಕುಂನಲ್ಲಿ ಮೊದಲು ಫಾರಂ 50, ಆಮೇಲೆ 53, ಕೊನೆಗೆ 57. ಸಮಿತಿ ಸಭೆ ಕೂತರೆ ಮಾತ್ರ ಅರ್ಜಿ ಮುಂದೆ ಹೋಗ್ತದೆ. ಸರ್ಕಾರ ಬದಲಾದರೆ ಸಮಿತಿ ರದ್ದು. ಹೊಸ ಸಮಿತಿ ರಚನೆಗೆ ತಿಂಗಳುಗಟ್ಟಲೆ. ಅಷ್ಟರಲ್ಲಿ ತಹಶೀಲ್ದಾರ್ ವರ್ಗ. ಹೊಸ ತಹಶೀಲ್ದಾರ್ ಬಂದು ಕಡತ ಮತ್ತೆ ಪರಿಶೀಲಿಸಿ ಅಂತಾರೆ. ಹೀಗೆ ಒಂದೇ ಅರ್ಜಿ ಮೂರು ಸರ್ಕಾರ ನೋಡಿದ್ದೂ ಇದೆ. ಅರ್ಜಿದಾರ ತೀರಿಹೋಗಿ ಮಗ ಬಂದು, ನಮ್ಮಪ್ಪನ ಅರ್ಜಿ ಎಲ್ಲಿಗೆ ಬಂತು ಸಾರ್ ಅಂತ ಕೇಳಿದ್ದನ್ನು ನಾನೇ ಕಂಡಿದ್ದೇನೆ.

ಕಾಗೋಡು ಅವರ ಬಗ್ಗೆ ನಮ್ಮ ಇಲಾಖೆಯಲ್ಲಿ ಎರಡು ಮಾತಿತ್ತು. ಒಂದು, ಈ ಮನುಷ್ಯನಿಗೆ ಕಾಯ್ದೆ ಗೊತ್ತು, ಸುಮ್ನೆ ಕತೆ ಹೇಳಿ ತಪ್ಪಿಸಿಕೊಳ್ಳೋ ಹಾಗಿಲ್ಲ. ಇನ್ನೊಂದು, ಸಭೆಗೆ ಹೋದರೆ ಬೈಸಿಕೊಂಡೇ ಬರಬೇಕು. ಸೆಕ್ಷನ್ ನಂಬರ್ ಹೇಳಿಯೇ ಕೇಳೋರು. 94ಸಿ ಅರ್ಜಿ ಎಷ್ಟು ಬಂತು, ಎಷ್ಟು ವಜಾ ಮಾಡಿದಿರಿ, ಯಾಕೆ ಮಾಡಿದಿರಿ? ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡಿದ್ದ ಹಳ್ಳಿಯವರಿಗೆ ಹಕ್ಕುಪತ್ರ ಕೊಡೋದು ಆ 94ಸಿ. ಅವರು ಕಂದಾಯ ಸಚಿವರಾದ ಮೇಲೆ 94ಸಿ ಅರ್ಜಿಗಳಿಗೆ ಬಂದ ವೇಗ ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಕೆಳದಿ_ಕೆರೆ

ಸಾರ್, ಇಂಥ ಮಾಹಿತಿಗೇ ಕೇಳಿದ್ದು. ಹಾಗಾದರೆ ಕೊಟ್ಟ ಹಕ್ಕುಪತ್ರ ಎಲ್ಲ ಉಳಿದುಕೊಂಡವಾ?

ನಿವೃತ್ತ_ವಿಎ

ಮನೆ ಅಡಿ ಜಾಗದ್ದು ಬಹುಪಾಲು ಉಳಿದುಕೊಂಡಿದೆ. ಜಮೀನಿನದ್ದು ಬೇರೆ ಕತೆ. ಅದನ್ನು ವಕೀಲರು ಯಾರಾದರೂ ಹೇಳಲಿ, ನಾನು ಹೇಳಿದರೆ ಇಲಾಖೆ ಪರ ಅಂತೀರಿ.

ಕರಿಕೋಟು_ಮಲೆನಾಡು

ಹೇಳ್ತೇನೆ. ಉದ್ದ ಆಗ್ತದೆ, ತಾಳ್ಮೆ ಇರಲಿ.

ಮುಳುಗಡೆಯವರಿಗೆ 1960ರ ಆಸುಪಾಸಿನಲ್ಲಿ ಜಾಗ ಬಿಟ್ಟುಕೊಟ್ಟಾಗ ಕಾಗದದ ಕೆಲಸ ಪೂರ್ತಿ ಆಗಲಿಲ್ಲ. ಜನರನ್ನು ಕೂರಿಸಿದರು, ಜಾಗವನ್ನು ಅರಣ್ಯದಿಂದ ತೆಗೆದು ಕಂದಾಯಕ್ಕೆ ಕೊಡೋ ಅಧಿಸೂಚನೆ ಸರಿಯಾಗಿ ಮಾಡಲಿಲ್ಲ. ಆಗಲೇ ಮಾಡಿದ್ದರೆ ರಾಜ್ಯ ಸರ್ಕಾರದ ಒಂದು ಸಹಿ ಸಾಕಿತ್ತು. 1980ರಲ್ಲಿ ಕೇಂದ್ರದ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅಲ್ಲಿಂದ ಮುಂದೆ ಅರಣ್ಯ ಜಾಗ ಬಿಡಿಸಬೇಕಾದರೆ ಕೇಂದ್ರದ ಪೂರ್ವಾನುಮತಿ ಬೇಕು.

ಕಾಗೋಡು ಅವರ ಒತ್ತಡದಿಂದ, ಅವರು ಸ್ಪೀಕರ್, ಸಚಿವರಾಗಿದ್ದ ಅವಧಿಯಲ್ಲಿ ರಾಜ್ಯ ಸರ್ಕಾರ ಮುಳುಗಡೆಯವರು ಕೂತ ಜಾಗಗಳನ್ನು ಡಿನೋಟಿಫೈ ಮಾಡ್ತಾ, ಅಂದರೆ ಅರಣ್ಯದ ಪಟ್ಟಿಯಿಂದ ಕೈಬಿಡ್ತಾ ಹೋಯ್ತು. ಹಕ್ಕುಪತ್ರ ಹಂಚಿದರು. ಶಾಮಿಯಾನ, ಹಾರ, ಭಾಷಣ ಎಲ್ಲ ಆಯ್ತು. ಆದರೆ ಕೇಂದ್ರದ ಅನುಮತಿ ಪಡೆದಿರಲಿಲ್ಲ. ಯಾರೋ ಹೈಕೋರ್ಟಿಗೆ ಹೋದರು. 2021ರಲ್ಲಿ ಹೈಕೋರ್ಟ್ ಆ ಡಿನೋಟಿಫಿಕೇಷನ್ ಎತ್ತಿ ಹಿಡಿಯಲಿಲ್ಲ. ಆಗ ಬಿಜೆಪಿ ಸರ್ಕಾರ ಇತ್ತು, ಉಳಿದ ಅಧಿಸೂಚನೆಗಳನ್ನೂ ಅದೇ ವರ್ಷ ವಾಪಸ್ ತೆಗೆದುಕೊಂಡಿತು. ಕಾಂಗ್ರೆಸ್ಸಿನವರು ಬಿಜೆಪಿ ರದ್ದು ಮಾಡಿತು ಅಂತಾರೆ, ಬಿಜೆಪಿಯವರು ಕಾಂಗ್ರೆಸ್ ತಪ್ಪಾಗಿ ಮಾಡಿತು ಅಂತಾರೆ. ಎರಡೂ ಪೂರ್ತಿ ಸುಳ್ಳಲ್ಲ. ಅಲ್ಲಿಂದ ಇವತ್ತಿನವರೆಗೂ ಜಂಟಿ ಸರ್ವೆ, ಸುಪ್ರೀಂ ಕೋರ್ಟ್, ಕೇಂದ್ರಕ್ಕೆ ಪ್ರಸ್ತಾವನೆ ಅಂತಲೇ ನಡೀತಿದೆ.

ಅರಣ್ಯ ಹಕ್ಕು ಕಾಯ್ದೆ ಇದೆಯಲ್ಲ, 2006ರದ್ದು, ಅದರಲ್ಲಿ ಕೊಡಬಹುದಲ್ಲ ಅಂತ ಕೇಳ್ತೀರಿ. ಅದಕ್ಕೂ ಕಾಗೋಡು ಊರೂರು ಸುತ್ತಿ ಅರಣ್ಯ ಹಕ್ಕು ಸಮಿತಿ ಮಾಡಿಸಿ ಅರ್ಜಿ ಹಾಕಿಸಿದರು. ಆದರೆ ಆ ಕಾಯ್ದೆಯಲ್ಲಿ ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿ ಇದ್ದದ್ದಕ್ಕೆ ಸಾಕ್ಷಿ ಕೊಡಬೇಕು. 1960ರಲ್ಲಿ ಸರ್ಕಾರವೇ ಲಾರಿಯಲ್ಲಿ ತಂದು ಇಳಿಸಿದವನು 1930ರಿಂದ ಅಲ್ಲೇ ಇದ್ದೆ ಅಂತ ಎಲ್ಲಿಂದ ಸಾಕ್ಷಿ ತರ್ತಾನೆ? ಅವನ 1930ರ ಸಾಕ್ಷಿ ಎಲ್ಲ ನೀರಿನಡಿ ಇದೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಉದ್ದೇಶದಲ್ಲಿ ಅವರಷ್ಟು ಗಟ್ಟಿ ಶಾಸಕರು ನಮಗೆ ಸಿಕ್ಕಿಲ್ಲ. ಆದರೆ ಕಾನೂನು ಓದಿಕೊಂಡವರು, ಕಂದಾಯ ಖಾತೆ ಕೈಯಲ್ಲಿದ್ದವರು, 1980ರ ಕಾಯ್ದೆ ಅಡ್ಡ ಬರ್ತದೆ ಅಂತ ಗೊತ್ತಿದ್ದೂ ಅವಸರ ಮಾಡಿದರು. ಹಕ್ಕುಪತ್ರ ಕೊಟ್ಟ ದಿನ ಜನ ಅತ್ತರು. ರದ್ದಾದ ದಿನವೂ ಅತ್ತರು.

ಹಕ್ಕುಪತ್ರ_ಪೆಟ್ಟಿಗೆ

ಕರಿಕೋಟು ಸಾರ್, ಒಂದು ಕೇಳ್ತೇನೆ. ಕೇಂದ್ರದ ಅನುಮತಿಗೆ ಕಾಯ್ತಾ ಕೂತಿದ್ದರೆ ಇನ್ನೂ 60 ವರ್ಷ ಆಗ್ತಿತ್ತು. ಅವರ ಮೊದಲೂ ಆಮೇಲೂ ಬಂದವರು ಕಾದರಲ್ಲ, ಏನು ಸಿಕ್ಕಿತು? ನಮ್ಮ ಮನೆಯ ಹಕ್ಕುಪತ್ರಕ್ಕೆ ಅಪ್ಪ ಲ್ಯಾಮಿನೇಷನ್ ಮಾಡಿಸಿ, ಬಟ್ಟೆ ಸುತ್ತಿ, ಟ್ರಂಕಿನಲ್ಲಿ ಅಜ್ಜಿಯ ಸೀರೆ ಕೆಳಗೆ ಇಟ್ಟಿದ್ದಾರೆ. ಅದನ್ನು ತಗೊಂಡು ಬೆಳೆಸಾಲಕ್ಕೆ ಒಂದು ಬ್ಯಾಂಕಿಗೆ ಹೋದೆ. ಮ್ಯಾನೇಜರು ಹಕ್ಕುಪತ್ರ ನೋಡಲೇ ಇಲ್ಲ. ಪಹಣಿ ತೆಗೆದು 11ನೇ ಕಾಲಂ ತೋರಿಸಿದರು. ಅರಣ್ಯ ಅಂತ ಇತ್ತು. ಇದಕ್ಕೆ ಸಾಲ ಬರೋದಿಲ್ಲ ತಮ್ಮಾ ಅಂದರು. ಸಿಟ್ಟು ಬರಲಿಲ್ಲ, ಅವರದೇನು ತಪ್ಪು?

ಆದರೂ ಅಪ್ಪ ಆ ಕಾಗದ ಬಿಸಾಡೋದಿಲ್ಲ. ಒಂದು ದಿನಕ್ಕಾದರೂ ಸರ್ಕಾರ ನಮ್ಮ ಹೆಸರು ಬರೆದು ಸೀಲು ಹಾಕಿತ್ತಲ್ಲ ಅಂತಾರೆ.

ನಿವೃತ್ತ_ವಿಎ

11ನೇ ಕಾಲಂ ಆ ನಮೂದಿಗೆ ಕಚೇರಿಯಲ್ಲಿ ಇಂಡೀಕರಣ ಅಂತಾರೆ. ಸರ್ವೆ ನಂಬರ್ ಪೂರ್ತಿಗೆ ಕೂತಿರ್ತದೆ. ಒಬ್ಬೊಬ್ಬರ ತುಂಡು ಬೇರೆ ಮಾಡಿ ಪೋಡಿ ಆಗದೆ ತೆಗೆಯೋಕೆ ಬರೋದಿಲ್ಲ. ಪೋಡಿಗೆ ಸರ್ವೆಯರ್ ಬೇಕು. ಸರ್ವೆಗೆ ಹೋದರೆ ಅರಣ್ಯದವರು ಗಡಿ ಒಪ್ಪೋದಿಲ್ಲ.

ಶಾಸಕರ ಲೆಕ್ಕ ನೋಡೋರು ಹಕ್ಕುಪತ್ರ ಎಷ್ಟು ಕೊಟ್ಟರು ಅಂತ ಕೇಳ್ತಾರೆ. ನಾನಾದರೆ ಕೇಳೋದು ಎಷ್ಟಕ್ಕೆ ಪೋಡಿ ಆಯ್ತು, ಎಷ್ಟು ಪಹಣಿಗೆ ಹೆಸರು ಏರಿತು ಅಂತ. ಸಾಗುವಳಿ ಚೀಟಿ (ಜಮೀನು ಮಂಜೂರಾತಿ ಪತ್ರ) ಕೊಟ್ಟು ಫೋಟೊ ತೆಗೆಸಿಕೊಂಡರೆ ಅರ್ಧ ಕೆಲಸ ಅಷ್ಟೇ. ಮಿಕ್ಕ ಅರ್ಧಕ್ಕೆ ಫೋಟೊ ಬರೋದಿಲ್ಲ, ಹಾಗಾಗಿ ಯಾವ ಪಕ್ಷದವರೂ ಅದರ ಹಿಂದೆ ಬೀಳೋದಿಲ್ಲ. ಈಗ ಕೃಷ್ಣ ಬೈರೇಗೌಡರು ಕಂದಾಯ ಸಚಿವರಾದ ಮೇಲೆ ಬಗರ್‌ಹುಕುಂ ಆ್ಯಪ್, ಡಿಜಿಟಲ್ ಸಾಗುವಳಿ ಚೀಟಿ, ದರಖಾಸ್ತು (ಸರ್ಕಾರ ಮಂಜೂರು ಮಾಡಿದ ಜಮೀನು) ಪೋಡಿ ಅಭಿಯಾನ ಅಂತ ಮಾಡ್ತಿದ್ದಾರೆ. ಬಯಲುಸೀಮೆಗೆ ಅದರಿಂದ ಅನುಕೂಲ ಆಗ್ತಿದೆ. ಅರಣ್ಯದ ತಂಟೆ ಇರೋ ನಮ್ಮ ಕಡೆ ಆ್ಯಪ್ ಏನು ಮಾಡೀತು?

ಹಿನ್ನೀರು

ಸೇತುವೆ ಬದಿಗಿಡಿ ಅಂದ್ರಲ್ಲ ಕೆಳದಿ ಅವರೇ, ಬದಿಗಿಡೋಕೆ ನಮಗೆ ಆಗೋದಿಲ್ಲ. ನಾನು ತುಮರಿ ಕಡೆಯವಳು. ನಮ್ಮ ಬದುಕಿನ ಅರ್ಧ ಹೊಳೆಬಾಗಿಲಲ್ಲಿ ಲಾಂಚಿಗೆ (ಹಿನ್ನೀರು ದಾಟಿಸೋ ದೊಡ್ಡ ದೋಣಿ) ಕಾದು ಹೋಗಿದೆ.

ಲಾಂಚು ಸಂಜೆಗೆ ನಿಲ್ಲೋದು. ರಾತ್ರಿ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಸುತ್ತು ಹಾಕಿ ಸುಮಾರು 80 ಕಿಲೋಮೀಟರ್ ಹೆಚ್ಚು ಹೋಗಬೇಕು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚು ದಡಕ್ಕೆ ಬರೋದಿಲ್ಲ, ವಾಹನ ಹತ್ತಿಸೋದು ಬಂದ್. ರಜೆ ದಿನ ಸಿಗಂದೂರಿಗೆ ಬರೋ ಭಕ್ತರ ಕಾರು ಸಾಲುಗಟ್ಟಿ ನಿಂತರೆ ಊರಿನವರ ಬೈಕಿಗೂ ಜಾಗ ಇಲ್ಲ. ದೇವಸ್ಥಾನಕ್ಕೆ ಬಂದವರು ಲಾಂಚಿನ ಮೇಲೆ ಸೆಲ್ಫಿ ತೆಗೆದು, ಎಷ್ಟು ಚೆಂದ ಅಲ್ವಾ ಅಂತ ನಮ್ಮನ್ನೇ ಕೇಳೋರು.

2025ರ ಜುಲೈ 14ಕ್ಕೆ ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದ. ಈಗ ಕೆಲವೇ ನಿಮಿಷದಲ್ಲಿ ದಾಟ್ತೇವೆ. ಅಡಿಗಲ್ಲು ಹಾಕಿದ್ದು 2018ರಲ್ಲಿ ಗಡ್ಕರಿ, ಉದ್ಘಾಟನೆ ಮಾಡಿದ್ದೂ ಗಡ್ಕರಿ. ಯಡಿಯೂರಪ್ಪ, ಸಂಸದ ರಾಘವೇಂದ್ರ ಅವರ ಪ್ರಯತ್ನ ಇಲ್ಲ ಅನ್ನೋದು ಸರಿಯಲ್ಲ. ನನ್ನ ಪ್ರಶ್ನೆ ಬೇರೆ. 1964ರಿಂದ 2018ರವರೆಗೆ ಸಾಗರದ ಶಾಸಕರಾದ ಎಲ್ಲರೂ ಅದೇ ಲಾಂಚು ಹತ್ತಿ ಓಟು ಕೇಳೋಕೆ ಬಂದವರು. ಸ್ಪೀಕರ್ ಆದವರೂ ಬಂದಿದ್ದರು, ಮಂತ್ರಿ ಆದವರೂ ಬಂದಿದ್ದರು. ಮುಳುಗಡೆಯವರ ಭೂಮಿಗೆ ಅಷ್ಟು ಬಡಿದಾಡಿದ ಕಾಗೋಡು ಅವರು ಮುಳುಗಡೆಯಿಂದಲೇ ದ್ವೀಪ ಆದ ನಮ್ಮ ಹೋಬಳಿಗೆ ದಾರಿ ಯಾಕೆ ಮಾಡಿಸಲಿಲ್ಲ?

ಕರಿಕೋಟು_ಮಲೆನಾಡು

ನ್ಯಾಯವಾದ ಪ್ರಶ್ನೆ ಅಕ್ಕ. ನೂರಾರು ಕೋಟಿಯ ಸೇತುವೆ ಆಗಬೇಕಾದರೆ ಒಂದೋ ರಾಜ್ಯ ಬಜೆಟ್ಟಿನಲ್ಲಿ ಬರಬೇಕು, ಇಲ್ಲವೇ ಆ ರಸ್ತೆ ರಾಷ್ಟ್ರೀಯ ಹೆದ್ದಾರಿ ಆಗಬೇಕು. ಕೊನೆಗೆ ಆದದ್ದು ಎರಡನೆಯದು. ದಾರಿಯನ್ನು ಹೆದ್ದಾರಿ ಪಟ್ಟಿಗೆ ಸೇರಿಸಿದ್ದರಿಂದಲೇ ಕೇಂದ್ರದ ದುಡ್ಡು ಬಂತು. ಆ ದಾರಿ ಶಾಸಕರ ಕೈಯಲ್ಲಿ ಇರಲಿಲ್ಲ. ಮೊದಲನೆಯದನ್ನು ಹಟ ಹಿಡಿದು ಮಾಡಿಸಬಹುದಿತ್ತಾ? ಮಂತ್ರಿಯಾಗಿದ್ದವರು ಪ್ರಯತ್ನ ಮಾಡಬಹುದಿತ್ತು ಅಂತ ನನಗೂ ಅನ್ನಿಸ್ತದೆ.

ಹಿನ್ನೀರು

ಅಷ್ಟು ಒಪ್ಪಿದಿರಲ್ಲ, ಸಾಕು.

ಅಡಿಕೆ_ಚೊಗರು

ನಾನು ಮೊದಲೇ ಹೇಳಿದ್ದೆ.

ಹೊಸನಗರ_ಮಳೆ

ಚೊಗರು, ನೀವು ಹೇಳಿದ್ದು ಏನೂ ಮಾಡಿಲ್ಲ ಅಂತ. ಅಕ್ಕ ಹೇಳಿದ್ದು ಹಾಗಲ್ಲ.

ನಮ್ಮ ಹೊಸನಗರದ ಕತೆ ಕೇಳಿ. 2008ರಲ್ಲಿ ಕ್ಷೇತ್ರ ಮರುವಿಂಗಡಣೆ ಆದಾಗ ಹೊಸನಗರ ಕ್ಷೇತ್ರವೇ ಹೋಯ್ತು. ಅರ್ಧ ಸಾಗರಕ್ಕೆ, ಅರ್ಧ ತೀರ್ಥಹಳ್ಳಿಗೆ. ಒಂದು ತಾಲೂಕಿಗೆ ಇಬ್ಬರು ಶಾಸಕರು ಅಂದರೆ ಲಾಭ ಅಂದುಕೊಂಡಿದ್ದೆವು. ಆದದ್ದು ಉಲ್ಟಾ. ಸಾಗರದವರಿಗೆ ಸಾಗರ ಪೇಟೆ ಮೊದಲು, ತೀರ್ಥಹಳ್ಳಿಯವರಿಗೆ ತೀರ್ಥಹಳ್ಳಿ ಮೊದಲು. ನಮ್ಮ ತಾಲೂಕು ಆಸ್ಪತ್ರೆಯಲ್ಲಿ ಡಾಕ್ಟರ್ ಹುದ್ದೆ ಖಾಲಿ ಇದ್ದರೆ ಯಾರ ಹತ್ತಿರ ಹೋಗಬೇಕು ಅಂತಲೇ ಜನಕ್ಕೆ ಗೊಂದಲ. ಎರಡು ಮನೆ ನೆಂಟ ಊಟವಿಲ್ಲದೆ ಮಲಗಿದ ಹಾಗೆ ಆಗಿದೆ ನಮ್ಮ ಸ್ಥಿತಿ. ಮಳೆ, ಕರೆಂಟು, ಅಣೆಕಟ್ಟು ಎಲ್ಲ ನಮ್ಮಲ್ಲಿ. ಶಾಸಕ ಇಲ್ಲ.

ಬಯಲುಸೀಮೆಯವ

ಹಾಗಾದರೆ 2018ರಲ್ಲಿ ಯಾಕೆ ಸೋತರು? ಭೂಮಿ ಹಂಚಿದ ಮನುಷ್ಯ ಅದೇ ಸಮಯದಲ್ಲಿ ಸೋಲೋದು ವಿಚಿತ್ರ ಅಲ್ವಾ?

ಹಕ್ಕುಪತ್ರ_ಪೆಟ್ಟಿಗೆ

ಹಕ್ಕುಪತ್ರ ಸಿಕ್ಕವನು ಒಂದು ಓಟು, ಸಿಗದವರು ನಾಲ್ಕು ಓಟು. ನನ್ನ ಪಕ್ಕದ ಮನೆಯವರಿಗೆ ಸಿಗಲಿಲ್ಲ, ಅವರು ಪೂರ್ತಿ ಮನೆ ಆ ಕಡೆ ಹಾಕಿದರು.

ಕೆಳದಿ_ಕೆರೆ

ಅದರ ಜೊತೆ ವಯಸ್ಸೂ ಇತ್ತು, 85 ದಾಟಿತ್ತು. ಆ ಸಲ ಜಿಲ್ಲೆಯಲ್ಲಿ ಬಿಜೆಪಿ ಅಲೆಯೂ ಇತ್ತು. ಟಿಕೆಟ್ ತಪ್ಪಿ ಬಿಜೆಪಿ ಬಿಟ್ಟ ಬೇಳೂರು ಚುನಾವಣೆಗೆ ಮೊದಲೇ ಕಾಂಗ್ರೆಸ್ಸಿಗೆ ಬಂದಿದ್ದರು, ಆದರೂ ಲೆಕ್ಕ ಕೂಡಲಿಲ್ಲ. 2023ರಲ್ಲಿ ಅದೇ ಬೇಳೂರು ಕಾಂಗ್ರೆಸ್ಸಿನಿಂದ ಹಾಲಪ್ಪನವರನ್ನು ಸೋಲಿಸಿದರು. ಹಾಗಾಗಿ ಸೋಲು-ಗೆಲುವು ನೋಡಿ ಕೆಲಸ ಅಳೆಯೋದು ನನಗೆ ಸರಿ ಕಾಣೋದಿಲ್ಲ. 2019ರ ಉಪಚುನಾವಣೆಯನ್ನೇ ನೋಡಿ. ಕಾಂಗ್ರೆಸ್, ಜೆಡಿಎಸ್ ಬಿಟ್ಟು ಬಿಜೆಪಿಗೆ ಬಂದವರಲ್ಲಿ ಬಹುಪಾಲು ಮತ್ತೆ ಗೆದ್ದರು, ಹುಣಸೂರಲ್ಲಿ ವಿಶ್ವನಾಥ್, ಹೊಸಕೋಟೆಯಲ್ಲಿ ಎಂ.ಟಿ.ಬಿ. ನಾಗರಾಜ್ ಸೋತರು. ಅದರಲ್ಲಿ ಯಾರ ಕ್ಷೇತ್ರದ ಕೆಲಸ ಲೆಕ್ಕಕ್ಕೆ ಬಂತು?

ಅಡಿಕೆ_ಚೊಗರು

ಅಲೆ ಅಂತೀರಿ, ವಯಸ್ಸು ಅಂತೀರಿ. ನನ್ನ ಮಾತು ಹೇಳ್ತೇನೆ, ಬೇಜಾರು ಮಾಡ್ಕೋಬೇಡಿ. ತೋಟದವರಿಗೆ ಕಾಗೋಡು ಅಂದರೆ ಹೆದರಿಕೆ ಇತ್ತು. ಗೇಣಿ ಹೋದ ಮನೆಗಳು ನಮ್ಮಲ್ಲಿ ಬಹಳ. ನಮ್ಮಜ್ಜನ ಗದ್ದೆ 74ರಲ್ಲಿ ಹೋಯ್ತು. ಕಾನೂನು ಸರಿ ಅಂತ ಈಗ ನಾನೂ ಒಪ್ತೇನೆ. ಆದರೆ ಅಜ್ಜ ಸಾಯೋವರೆಗೂ ಆ ಗದ್ದೆ ಕಡೆ ಹೋಗಲಿಲ್ಲ. ದಾರಿ ಬದಲಿಸಿ ಸುತ್ತಿ ಬರೋರು. ಹಾಗಾಗಿ ಬಗರ್‌ಹುಕುಂ ಅಂದಾಗ ನಮ್ಮವರಿಗೆ ಸೊಪ್ಪಿನಬೆಟ್ಟವೂ ಹೋಯ್ತು ಅಂತ ಭಯ. ಆ ಭಯ ಓಟಾಗಿ ಬಿತ್ತು.

ಹಕ್ಕುಪತ್ರ_ಪೆಟ್ಟಿಗೆ

ಅಣ್ಣ, ಇದನ್ನು ಮೊದಲೇ ಹೇಳಿದ್ದರೆ ರಸ್ತೆ ಹೊಂಡದ ವಿಷಯಕ್ಕೆ ಜಗಳ ಆಡ್ತಿರಲಿಲ್ಲ. ಸೊಪ್ಪಿನಬೆಟ್ಟದ ಮೇಲೆ ನಿಮಗಿರೋದೂ ಪೂರ್ತಿ ಹಕ್ಕಲ್ಲ, ಸವಲತ್ತು ಅಷ್ಟೇ ಅಲ್ವಾ? ಆ ವಿಷಯದಲ್ಲಿ ನೀವೂ ನಾವೂ ಒಂದೇ ದೋಣಿ.

ಅಡಿಕೆ_ಚೊಗರು

ಅದು ಹೌದು. ದೋಣಿ ಅಲ್ಲ, ಲಾಂಚು.

ಹಿನ್ನೀರು

😄

ಕಾಡಂಚಿನ_ನರ್ಸ್

ಭೂಮಿ ಬಿಟ್ಟು ಬೇರೆ ವಿಷಯವೂ ಇದೆ ಅಂತ ನೆನಪಿಸ್ತೇನೆ. 2018ರ ಕೊನೆಗೆ ಅರಳಗೋಡು ಸುತ್ತ ಮಂಗನ ಕಾಯಿಲೆ ಬಂತು. ಆ ಕಾಯಿಲೆ ಮೊದಲು ಪತ್ತೆ ಆದದ್ದೇ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಅಷ್ಟು ಹಳೆಯ ಕಾಯಿಲೆ, ಸಾವು ಆದಮೇಲೆ ಎಲ್ಲರೂ ಓಡಿ ಬಂದರು. ಮಂಗ ಸತ್ತ ಸುದ್ದಿ ಬಂದ ದಿನವೇ ರಕ್ತ ಪರೀಕ್ಷೆ, ಉಣುಗು ಕಚ್ಚದ ಹಾಗೆ ಮೈಗೆ ಹಚ್ಚುವ ಎಣ್ಣೆ, ಪಿಎಚ್‌ಸಿಯಲ್ಲಿ ಡಾಕ್ಟರು ಇರಬೇಕು. ಇದು ಕೆಡಿಪಿ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ. ಯಾವ ಪಕ್ಷದ ಶಾಸಕರಾಗಲಿ, ಚಳಿಗಾಲ ಶುರುವಾಗೋ ಮೊದಲೇ ಈ ಪ್ರಶ್ನೆ ಕೇಳಿದರೆ ನಾನು ಅವರನ್ನು ಒಳ್ಳೇ ಶಾಸಕ ಅಂತೇನೆ. ಜನವರಿಯಲ್ಲಿ ಕೇಳಿದರೆ ಪ್ರಯೋಜನ ಇಲ್ಲ.

ಬಯಲುಸೀಮೆಯವ

ಸದನದಲ್ಲಿ ಏನು ಕೇಳಿದರು ಅನ್ನೋದನ್ನು ಎಲ್ಲಿ ನೋಡೋದು? ನಮ್ಮ ಶಾಸಕರ ಲೆಕ್ಕವನ್ನೂ ಹೀಗೇ ತೆಗೆಯೋಣ ಅನ್ನಿಸ್ತಿದೆ.

ಕರಿಕೋಟು_ಮಲೆನಾಡು

ವಿಧಾನಸಭೆಯ ವೆಬ್‌ಸೈಟಿನಲ್ಲಿ ಪ್ರಶ್ನೋತ್ತರ ಕನ್ನಡದಲ್ಲೇ ಇರ್ತದೆ. ಚುಕ್ಕೆ ಗುರುತಿನದ್ದು ಸದನದಲ್ಲಿ ಬಾಯಿ ಮಾತಿನ ಉತ್ತರ, ಚುಕ್ಕೆ ಗುರುತಿಲ್ಲದ್ದು ಲಿಖಿತ ಉತ್ತರ. ಎರಡನೆಯದನ್ನು ಬಿಡಬೇಡಿ, ಅಂಕಿಅಂಶ ಜಾಸ್ತಿ ಸಿಗೋದು ಅಲ್ಲೇ. ಶಾಸಕರು ಮಂತ್ರಿ ಆದರೆ ಪ್ರಶ್ನೆ ಕೇಳೋ ಹಾಗಿಲ್ಲ, ಸ್ಪೀಕರ್ ಆದರೂ ಇಲ್ಲ. ಹಾಗಾಗಿ ಕಾಗೋಡು ಅವರ 2013-18ರ ಪ್ರಶ್ನೆ ಹುಡುಕಿದರೆ ಏನೂ ಸಿಗೋದಿಲ್ಲ, ಅದನ್ನು ನೋಡಿ ಸುಮ್ನೆ ಕೂತಿದ್ದರು ಅಂತ ಬರೀಬೇಡಿ. ಹಿಂದಿನ ಅವಧಿಯ ನಡವಳಿ ನೋಡಿ.

ಪ್ರದೇಶಾಭಿವೃದ್ಧಿ ನಿಧಿ ಬಿಡುಗಡೆ ಆಗೋದು ಜಿಲ್ಲಾಧಿಕಾರಿ ಕಚೇರಿಯಿಂದ. ಶಾಸಕರು ಶಿಫಾರಸು ಮಾಡ್ತಾರೆ, ಮಂಜೂರು ಡಿಸಿ ಮಾಡ್ತಾರೆ. ಮಾಹಿತಿ ಹಕ್ಕಿನಲ್ಲಿ ಮೂರು ಪಟ್ಟಿ ಕೇಳಿ. ಶಿಫಾರಸು ಮಾಡಿದ ಕಾಮಗಾರಿ, ಮಂಜೂರಾದ ಕಾಮಗಾರಿ, ಮುಗಿದ ಕಾಮಗಾರಿ. ಮೂರನ್ನೂ ಪಕ್ಕಪಕ್ಕ ಇಟ್ಟರೆ ಅರ್ಧ ಕತೆ ಗೊತ್ತಾಗ್ತದೆ. ಸಮುದಾಯ ಭವನ ಎಷ್ಟು, ಶಾಲೆ ಶೌಚಾಲಯ ಎಷ್ಟು ಅಂತ ಎಣಿಸಿದರೆ ಮಿಕ್ಕ ಅರ್ಧ.

ನಿವೃತ್ತ_ವಿಎ

ಕೆಡಿಪಿ ಸಭೆಯ ನಡವಳಿಯನ್ನೂ ಕೇಳಿ. ಹಿಂದಿನ ಸಭೆಯ ಅನುಪಾಲನಾ ವರದಿ ಅಂತ ಒಂದು ಇರ್ತದೆ. ಕ್ರಮ ವಹಿಸಲಾಗುತ್ತಿದೆ ಅಂತ ಅದೇ ವಾಕ್ಯ ನಾಲ್ಕು ಸಭೆಯಲ್ಲೂ ಇದ್ದರೆ ಅಲ್ಲಿ ಶಾಸಕರು ಓದ್ತಾ ಇಲ್ಲ ಅಂತಲೇ ಅರ್ಥ.

ಕೆಳದಿ_ಕೆರೆ

ಕಾಗೋಡು ಓದ್ತಿದ್ದರಾ ಸಾರ್?

ನಿವೃತ್ತ_ವಿಎ

ಓದ್ತಿದ್ದರು. ಅದಕ್ಕೇ ನಮಗೆ ಅವರ ಸಭೆ ಅಂದರೆ ಹಿಂದಿನ ರಾತ್ರಿ ನಿದ್ದೆ ಇರಲಿಲ್ಲ.

ಹಕ್ಕುಪತ್ರ_ಪೆಟ್ಟಿಗೆ

ಕೊನೆಗೊಂದು ಕೇಳಬೇಕಿತ್ತು ವಿಎ ಸಾರ್. ನಮ್ಮ ಸರ್ವೆ ನಂಬರಿನ ಜಂಟಿ ಸರ್ವೆ ಆಗಿದೆಯಂತೆ. ಸ್ಕೆಚ್ ನಕಲು ಯಾರ ಹತ್ತಿರ ಸಿಗ್ತದೆ, ತಹಶೀಲ್ದಾರ್ ಕಚೇರಿಯಲ್ಲಾ, ಅರಣ್ಯದವರಲ್ಲಾ?

ನಿವೃತ್ತ_ವಿಎ

ಮೊದಲು ತಾಲೂಕು ಭೂಮಾಪನ ಕಚೇರಿಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಹಾಕಿಸಿಕೊಳ್ಳಿ. ಬಾಯಿ ಮಾತಲ್ಲಿ ಕೇಳಬೇಡಿ. ಅದೇ ಅರ್ಜಿಯ ಪ್ರತಿ ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಕಚೇರಿಗೂ ಕೊಡಿ. ಹಳೇ ಹಕ್ಕುಪತ್ರದ ಜೆರಾಕ್ಸ್ ಲಗತ್ತಿಸಿ, ಅಸಲು ಯಾರಿಗೂ ಕೊಡಬೇಡಿ. ಈ ವಾರ ಸರ್ವೆಯರ್‌ಗಳು ಬೇರೆ ಕೆಲಸದ ಮೇಲೆ ಹೊರಗೆ ಇರ್ತಾರೆ, ಸೋಮವಾರ ಬೆಳಿಗ್ಗೆಯೇ ಹೋಗಿ.